ಟೇಪು ಮೇಷ್ಟ್ರ ಎರಡು ಇಂಚು

ಆನೆ ನುಗ್ಗುವಷ್ಟು ಅಗಲದ ಬಾಗಿಲನ್ನೂ ನಮ್ಮ ಟೇಪು ಮೇಷ್ಟ್ರು ಅಡ್ಡಡ್ಡವಾಗಿಯೇ ದಾಟುತ್ತಿದ್ದರು. ಎಡ ಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಬಲಗೈಯಿಂದ ಕೋಟಿನ ಜೇಬನ್ನು ಅದುಮಿ ಹಿಡಿದು, ನಮ್ಮ ಕಣ್ಣಿಗೆ ಕಾಣದ ಯಾವುದೋ ಭಾರೀ ವಸ್ತು ದಾರಿಗೆ ಅಡ್ಡ ನಿಂತಿದೆಯೋ ಎಂಬಂತೆ ಅವರು ಸಭಾಕೊಠಡಿಯೊಳಗೆ ಬರುವುದನ್ನು ಮೊದಲ ಸಲ ನೋಡಿದವರು ತಮಗೇ ತಿಳಿಯದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ನಾನೂ ಸರಿದಿದ್ದೆ. ಆಮೇಲೆ ಸುತ್ತ ನೋಡಿದರೆ ಅಲ್ಲಿ ಅಡ್ಡವಾದದ್ದು ಏನೂ ಇರಲಿಲ್ಲ. ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಗೋಡೆಯ ಮೇಲೆ ಹತ್ತು ನಿಮಿಷ ನಿಧಾನವಾಗಿ ಓಡುವ ಗಡಿಯಾರ, ಅಷ್ಟೆ.

ಅವರ ಕೋಟಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಂದು ಬಣ್ಣದ ಆ ಕೋಟು ತನ್ನ ಎಡಬಲಗಳ ಸಮತೋಲವನ್ನು ನಾನು ಅವರನ್ನು ಕಾಣುವ ಎಷ್ಟೋ ವರ್ಷ ಮೊದಲೇ ಕಳೆದುಕೊಂಡಿತ್ತು. ಬಲಜೇಬಿನಲ್ಲಿ ಗುಂಡಗಿನ ಒಂದು ಉಕ್ಕಿನ ಟೇಪು ಖಾಯಂ ವಾಸವಾಗಿದ್ದುದರಿಂದ ಆ ಬದಿಯ ಅಂಚು ಇನ್ನೊಂದಕ್ಕಿಂತ ನಾಲ್ಕು ಬೆರಳು ಕೆಳಗೆ ಜೋತುಬಿದ್ದಿತ್ತು. ಜೇಬು ಮೂರು ಸಲ ಹರಿದು, ನಾಲ್ಕನೆಯ ಸಲ ದರ್ಜಿ ಬೇಸತ್ತು ಚೀಲದ ದಪ್ಪ ಬಟ್ಟೆಯನ್ನೇ ಒಳಗೆ ಹಾಕಿ ಹೊಲಿದುಕೊಟ್ಟಿದ್ದನಂತೆ. ಗುಂಡಿ ಒತ್ತಿದರೆ ಸರ್ರನೆ ಒಳಸೇರುವ ಆ ಟೇಪಿನ ಸದ್ದು ಕಾರಿಡಾರಿನಲ್ಲಿ ಕೇಳಿಸಿತೆಂದರೆ ವಿಶ್ವವಿದ್ಯಾಲಯದ ಎಳೆಯ ಅಧ್ಯಾಪಕರ ಎದೆ ಧಸಕ್ಕೆನ್ನುತ್ತಿತ್ತು.

ಎದೆ ಧಸಕ್ಕೆನ್ನಲು ಕಾರಣವಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ತಮ್ಮದೇ ಆದ ಸಂಶೋಧನೆಯನ್ನು ಶುರುಮಾಡಲೆಂದು ನಮ್ಮ ವಿಶ್ವವಿದ್ಯಾಲಯ ವರ್ಷಕ್ಕೆ ಮೂವರಿಗೆ ಒಂದು ಪುರಸ್ಕಾರ ಕೊಡುತ್ತಿತ್ತು. ಅದರ ಅಧಿಕೃತ ಹೆಸರು ಒಂದೂವರೆ ಸಾಲು ಉದ್ದವಿದ್ದುದರಿಂದ ಎಲ್ಲರೂ ಅದನ್ನು ಎಳೆಯರ ಪುರಸ್ಕಾರ ಎನ್ನುತ್ತಿದ್ದರು. ಎಳೆಯರೆಂದರೆ ಹಾಲುಗಲ್ಲದವರೆಂದು ಭಾವಿಸಬೇಡಿ. ಅರ್ಧ ತಲೆ ಬೋಳಾಗಿ, ಮನೆಯಲ್ಲಿ ಎರಡು ಮಕ್ಕಳಾಗಿ, ಕನ್ನಡಕದ ಗಾಜು ಎರಡು ಸಲ ಬದಲಾದವರೂ ಕೆಲಸಕ್ಕೆ ಸೇರಿ ಆರು ವರ್ಷ ತುಂಬುವ ತನಕ ನಮ್ಮಲ್ಲಿ ಎಳೆಯರೇ. ಏಳನೆಯ ವರ್ಷದ ಮೊದಲ ದಿನ ಬೆಳಗಾಗುತ್ತಲೇ ಅವರು ಏಕಾಏಕಿ ಹಿರಿಯರಾಗುತ್ತಿದ್ದರು, ಪುರಸ್ಕಾರದ ಆಸೆ ಅಲ್ಲಿಗೆ ಮುಗಿಯುತ್ತಿತ್ತು.

ಈ ಪುರಸ್ಕಾರದ ಆಯ್ಕೆ ಸಮಿತಿಯಲ್ಲಿ ವಿಜ್ಞಾನ ತಿಳಿಯದ ಒಬ್ಬ ಸದಸ್ಯ ಕಡ್ಡಾಯವಾಗಿ ಇರಬೇಕೆಂಬ ನಿಯಮವಿತ್ತು. ಆ ಅರ್ಹತೆ ನನ್ನಲ್ಲಿ ಧಾರಾಳವಾಗಿದ್ದುದರಿಂದ ಭಾಷಾ ವಿಭಾಗದಿಂದ ನನ್ನನ್ನು ಎತ್ತಿ ತಂದು ಕೂರಿಸಿದರು. ಟೇಪು ಮೇಷ್ಟ್ರು ನನ್ನನ್ನು ಮೊದಲ ದಿನವೇ 'ಭಾಷೆಯವರೇ' ಎಂದು ಕರೆದರು, ಕೊನೆಯ ತನಕ ಹಾಗೆಯೇ ಕರೆದರು. ಅರ್ಜಿ ಹಾಕಿದವರ ಪ್ರಯೋಗಾಲಯಕ್ಕೆ ಇಬ್ಬರು ಸದಸ್ಯರು ಹೋಗಿ ಸ್ಥಳ ಪರಿಶೀಲನೆ ಮಾಡಬೇಕಿತ್ತು. ಒಬ್ಬರು ಯಾವಾಗಲೂ ಅವರೇ. ಎರಡನೆಯವರಾಗಿ ಅವರ ಜೊತೆ ಹೋಗಲು ಉಳಿದವರೆಲ್ಲ ಕೈ ಮುಗಿದು ತಪ್ಪಿಸಿಕೊಂಡಿದ್ದರಿಂದ ಆ ಭಾಗ್ಯ ನನ್ನ ಪಾಲಿಗೆ ಬಂತು.

ಅಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಒಳಗೆ ಹೋಗುತ್ತೋ?" ಅಭ್ಯರ್ಥಿ ಕೊಳ್ಳಬೇಕೆಂದಿರುವ ಯಂತ್ರ ಏನು ಮಾಡುತ್ತದೆ, ಅದರಿಂದ ಲೋಕಕ್ಕೆ ಏನು ಉಪಕಾರ ಎಂಬುದನ್ನೆಲ್ಲ ಬೇರೆಯವರು ನೋಡಿಕೊಳ್ಳಲಿ, ಆ ಯಂತ್ರ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂಬುದಷ್ಟೇ ಅವರ ಚಿಂತೆ. ಸಮಿತಿಗೆ ಬಂದ ವರ್ಷವೇ ಅವರು ಹಟ ಹಿಡಿದು ಪರಿಶೀಲನಾ ಪತ್ರದಲ್ಲಿ 'ಉಪಕರಣ ಒಳಗೆ ಹೋಗುವುದೇ?' ಎಂಬ ಹೊಸ ಕಲಮನ್ನು ಸೇರಿಸಿದ್ದರು. ಅಲ್ಲಿಂದೀಚೆಗಿನ ಒಂಬತ್ತು ವರ್ಷಗಳಲ್ಲಿ ಆ ಕಲಮಿನಲ್ಲಿ 'ಇಲ್ಲ' ಎಂದು ಬಿದ್ದ ಅರ್ಜಿ ಒಂದೂ ಮೇಲೆದ್ದಿರಲಿಲ್ಲ.

ಪ್ರಶ್ನೆ ನಾಲಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಸಮಿತಿಯ ಹೊರಗೂ ಅದರಿಂದ ಯಾರಿಗೂ ಬಿಡುಗಡೆ ಇರಲಿಲ್ಲ. ಮನೆಗೆ ಹೊಸ ಮಂಚ ತಂದೆ ಎಂದರೆ "ಒಳಗೆ ಹೋಗುತ್ತೋ?" ಆರುನೂರು ಪುಟದ ಪುಸ್ತಕ ಬರೆಯುತ್ತಿದ್ದೇನೆ, ಚೀಲದಲ್ಲಿಟ್ಟುಕೊಂಡೇ ಓಡಾಡುತ್ತೇನೆ ಎಂದರೆ "ಒಳಗೆ ಹೋಗುತ್ತೋ?" ಒಮ್ಮೆ ನಾನು ಮೇಲಿನ ಸಾಲಿಗೆ ಹಲ್ಲು ಕಟ್ಟಿಸಿಕೊಂಡೆ ಎಂದು ಹೇಳಿದಾಗಲೂ ಅದನ್ನೇ ಕೇಳಿದರು, ಮತ್ತು ಉತ್ತರಕ್ಕೆ ಗಂಭೀರವಾಗಿ ಕಾದರು. ಅವರ ಮನೆಗೆ ಹೋದಾಗ ನಾನು ಈ ಮಾತು ತೆಗೆದರೆ ಅವರ ಹೆಂಡತಿ ಟೀ ಲೋಟ ಮುಂದಿಡುತ್ತ, "ಈ ಮನೆಗೆ ಅಳತೆ ಮಾಡಿಸ್ಕೊಳ್ದೇ ಬಂದೋಳು ನಾನೊಬ್ಬಳೇ. ಅದಕ್ಕೇ ಇವತ್ತಿಗೂ ಇವರಿಗೆ ಎಲ್ಲಾದ್ರೂ ತಗಲ್ತಾನೇ ಇರ್ತೀನಿ," ಎಂದರು. ಮೇಷ್ಟ್ರು ತಲೆಬಗ್ಗಿಸಿ ಟೀ ಕುಡಿದರು.

ಅನಂತದ ಬಗ್ಗೆ ಸಂಶೋಧನೆ ಮಾಡಬೇಕೆಂದು ಗಣಿತದ ಒಬ್ಬ ತರುಣ ಅರ್ಜಿ ಹಾಕಿದ್ದ. ಅವನಿಗೆ ಬೇಕಾಗಿದ್ದುದು ಕಾಗದ, ಪೆನ್ಸಿಲು ಮತ್ತು ಒಂದು ದೊಡ್ಡ ಕಪ್ಪುಹಲಗೆ. ಈ ಸಲ ಮೇಷ್ಟ್ರಿಗೆ ಕೆಲಸವಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದರೆ ಅವರು ಹಲಗೆಯ ಉದ್ದ ಕೇಳಿ, ಗೋಡೆಗೆ ಟೇಪು ಹಿಡಿದು, "ಒಂದೂವರೆ ಅಡಿ ಸಾಲಲ್ವಲ್ಲಪ್ಪ," ಎಂದರು. ಅನಂತಕ್ಕೆ ಒಂದೂವರೆ ಅಡಿ ಕಡಿಮೆ ಬಿತ್ತು! ಹುಡುಗ ಸಣ್ಣ ಹಲಗೆಗೆ ಒಪ್ಪಿಕೊಂಡ ಮೇಲೆಯೇ ಅವನಿಗೆ ಪುರಸ್ಕಾರ ಸಿಕ್ಕಿದ್ದು.

ಅದರ ಮುಂದಿನ ವರ್ಷದ ಸಂಗತಿಗೆ ಮಾತ್ರ ನನಗೆ ನಗು ಬರಲಿಲ್ಲ. ಬೆಳಕಿನ ಮೇಲೆ ಕೆಲಸ ಮಾಡುವ ಭೌತಶಾಸ್ತ್ರದ ಯುವಕನೊಬ್ಬನಿಗೆ ಅಲುಗಾಡದ ಒಂದು ಭಾರೀ ಮೇಜು ಬೇಕಾಗಿತ್ತು. ಅದು ಬಾಗಿಲಿಗಿಂತ ಅರ್ಧ ಇಂಚು ಅಗಲ. "ಬಾಗಿಲ ಅಂಚು ಸ್ವಲ್ಪ ಕೆತ್ತಿಸಿಬಿಡ್ತೀನಿ ಸರ್," ಎಂದು ಅವನು ಅಂಗಲಾಚಿದ. ಮೇಷ್ಟ್ರು ಟೇಪನ್ನು ಸರ್ರೆನ್ನಿಸಿ ಜೇಬಿಗೆ ಹಾಕಿಕೊಂಡು, "ನಾನು ಇವತ್ತು ಇರೋ ಬಾಗಿಲನ್ನ ಅಳೀತೀನಪ್ಪ, ನಾಳೆ ಬರೋ ಬಾಗಿಲನ್ನಲ್ಲ," ಎಂದು ಅಡ್ಡಡ್ಡವಾಗಿ ಹೊರಟುಹೋದರು. ಆ ಯುವಕನ ಮುಖ ನೋಡಲಾಗದೆ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ನನಗೆ ಮೇಷ್ಟ್ರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಆ ಸಿಟ್ಟಿನಲ್ಲಿಯೇ ನಾನು ಅವರ ಹಳೆಯ ಕತೆಯನ್ನು ಕೆದಕಿದ್ದು. ಕತೆ ಗುಟ್ಟಿನದೇನಲ್ಲ, ಅವರ ವಿಭಾಗದಲ್ಲಿ ಬಾಯಿ ಬಿಟ್ಟರೆ ಯಾರು ಬೇಕಾದರೂ ಹೇಳುತ್ತಿದ್ದರು. ಅಂದಿಗೆ ಮೂವತ್ತು ವರ್ಷಗಳ ಹಿಂದೆ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಟೇಪು ಮೇಷ್ಟ್ರು ಇದೇ ಎಳೆಯರ ಪುರಸ್ಕಾರವನ್ನು ಪಡೆದಿದ್ದರು. ಹಗ್ಗ, ತಂತಿ, ಬಟ್ಟೆ ಇವು ಎಷ್ಟು ಎಳೆತ ತಾಳುತ್ತವೆ, ಹರಿಯುವ ಮೊದಲು ಎಲ್ಲಿ ಸೋಲುತ್ತವೆ ಎಂದು ಕಂಡುಹಿಡಿಯುವುದು ಅವರ ಉದ್ದೇಶ. ಅದಕ್ಕಾಗಿ ಎಳೆದು ನೋಡುವ ಯಂತ್ರವೊಂದನ್ನು ದೂರದ ಕಾರ್ಖಾನೆಯಿಂದ ತರಿಸಿದರು. ವಿಶ್ವವಿದ್ಯಾಲಯದ ವಾರ್ತಾಪತ್ರದ ಮೊದಲ ಪುಟದಲ್ಲಿ ಅವರ ಫೋಟೋ ಬಂತು. ಅದೇ ವಾರ ಎಂಟು ಜನ ಹೊತ್ತು ಯಂತ್ರವನ್ನು ಎರಡನೆಯ ಮಹಡಿಗೆ ತಂದರು, ಪ್ರಯೋಗಾಲಯದ ಬಾಗಿಲಿಗೆ ತಂದು ಆನಿಸಿದರು. ಬಾಗಿಲು ಮೂವತ್ತಾರು ಇಂಚು, ಯಂತ್ರ ಮೂವತ್ತೆಂಟು.

ಯಂತ್ರ ಕಾರಿಡಾರಿನಲ್ಲಿಯೇ ಉಳಿಯಿತು. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ವರ್ಷ. ಮೊದಲು ಅದರ ಮೇಲೆ ಛತ್ರಿ ನೇತುಹಾಕಿದರು, ಆಮೇಲೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿದರು, ಜವಾನನು ತನ್ನ ಊಟದ ಡಬ್ಬಿಗೆ ಅದರಲ್ಲೊಂದು ತಂಪಾದ ಗೂಡು ಕಂಡುಕೊಂಡ, ಬೆಕ್ಕೊಂದು ಅದರ ಬುಡದಲ್ಲಿ ಎರಡು ಸಲ ಮರಿಹಾಕಿತು. ದಾರಿ ಕೇಳಿದವರಿಗೆ "ಯಂತ್ರದ ಹತ್ತಿರ ಎಡಕ್ಕೆ ತಿರುಗಿ" ಎನ್ನುವುದು ರೂಢಿಯಾಯಿತು. ಹೊರಗಿನಿಂದ ಬಂದ ತಪಾಸಣಾ ತಂಡವೊಂದು ಅದನ್ನು ಸಂಸ್ಥಾಪಕರ ಸ್ಮಾರಕವೆಂದು ತಿಳಿದು ಒಂದು ನಿಮಿಷ ಮೌನವಾಗಿ ನಿಂತಿತ್ತು ಎಂಬುದು ಉತ್ಪ್ರೇಕ್ಷೆಯಿದ್ದೀತು. ಆದರೆ ಯಂತ್ರಕ್ಕೂ ಗೋಡೆಗೂ ನಡುವೆ ಉಳಿದ ಸಂದಿಯಲ್ಲಿ ಆ ವಿಭಾಗದವರೆಲ್ಲ ಅಡ್ಡಡ್ಡವಾಗಿ ದಾಟಬೇಕಾಗಿದ್ದದ್ದು ನಿಜ. ಉಳಿದವರೆಲ್ಲ ಕಾರಿಡಾರಿನ ತುದಿ ಮುಟ್ಟುತ್ತಲೇ ಮೈ ಸರಿಮಾಡಿಕೊಂಡು ನೇರವಾಗಿ ನಡೆದರು. ಮೇಷ್ಟ್ರು ಮಾತ್ರ ಆ ನಡಿಗೆಯನ್ನು ಮನೆಗೂ ತೆಗೆದುಕೊಂಡು ಹೋದರು.

ಯಂತ್ರ ಓಡದೆ ವರದಿ ಇಲ್ಲ, ವರದಿ ಇಲ್ಲದೆ ಪುರಸ್ಕಾರದ ಎರಡನೆಯ ಕಂತಿಲ್ಲ. ಸಂಶೋಧನೆ ಅಲ್ಲಿಗೆ ನಿಂತಿತು. ಅವರು ಒಳ್ಳೆಯ ಪಾಠಗಾರರಾದರು, ಸಾವಿರಾರು ಮಕ್ಕಳಿಗೆ ಕಲಿಸಿದರು, ಆದರೆ ಹಗ್ಗ ಎಲ್ಲಿ ಸೋಲುತ್ತದೆಂದು ಅವರಿಗೆ ತಿಳಿಯಲೇ ಇಲ್ಲ. ಹನ್ನೊಂದನೆಯ ವರ್ಷ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಆ ಪ್ರಯೋಗಾಲಯವನ್ನೇ ತಮ್ಮ ಕೋಣೆ ಮಾಡಿಕೊಂಡ ಅವರ ಹೊಸ ಮೇಜು ಅದೇ ಬಾಗಿಲಲ್ಲಿ ಹಿಡಿಸಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಚೌಕಟ್ಟು ಕಿತ್ತು, ಮೇಜು ಒಳಗಿಟ್ಟು, ಸಂಜೆಗೆ ಬಾಗಿಲು ಕೂರಿಸಿದರು. ಆ ಹೊತ್ತಿಗೆ ಯಂತ್ರ ಹಳತಾಗಿ ತುಕ್ಕು ತಿಂದಿತ್ತು, ಮರುವಾರ ಬಿಡಿಬಿಡಿಯಾಗಿ ಉಗ್ರಾಣ ಸೇರಿತು.

"ಅವತ್ತೇ ನೀವೂ ಬಾಗಿಲು ತೆಗೆಸಬಹುದಿತ್ತಲ್ಲ ಮೇಷ್ಟ್ರೇ?" ಎಂದು ನಾನು ಕೇಳಿದೆ. ಸಿಟ್ಟಿನಲ್ಲಿ ಕೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅವರು ನನ್ನ ಮುಖ ನೋಡದೆ, "ಅವರು ಮುಖ್ಯಸ್ಥರು, ಭಾಷೆಯವರೇ," ಎಂದಷ್ಟೇ ಹೇಳಿ, ನಾವು ಕುಳಿತಿದ್ದ ಬೆಂಚಿನ ಉದ್ದ ಅಳೆಯತೊಡಗಿದರು.

ಮರುವರ್ಷ, ಅಂದರೆ ಮೇಷ್ಟ್ರ ನಿವೃತ್ತಿಗೆ ಇನ್ನು ಒಂದೇ ವರ್ಷ ಉಳಿದಿದ್ದಾಗ, ಬೂಷ್ಟು ಮೇಡಂ ಅವರ ಅರ್ಜಿ ಬಂತು. ಹೆಸರಿಟ್ಟವರು ವಿದ್ಯಾರ್ಥಿಗಳು, ನಾನಲ್ಲ. ಹಳೆಯ ಪುಸ್ತಕಗಳಿಗೆ ಹಿಡಿಯುವ ಬೂಷ್ಟು ಎಷ್ಟು ತೇವದಲ್ಲಿ, ಎಷ್ಟು ಸೆಕೆಯಲ್ಲಿ ಏಳುತ್ತದೆ, ಎಲ್ಲಿ ಅಡಗುತ್ತದೆ ಎಂದು ಕಂಡುಕೊಂಡರೆ ಗ್ರಂಥಾಲಯಗಳು ಉಳಿದಾವು ಎಂಬುದು ಆಕೆಯ ವಾದ. ಆ ವರ್ಷದ ಹದಿನೇಳು ಅರ್ಜಿಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ. ಆಕೆಗೆ ಬೇಕಾದ ಬೂಷ್ಟು ನನ್ನ ಮನೆಯ ಕಪಾಟುಗಳಲ್ಲೇ ಯಥೇಚ್ಛವಾಗಿತ್ತು.

ಆಕೆಗೆ ಇದು ಮೂರನೆಯ ಪ್ರಯತ್ನ, ಕಡೆಯದೂ ಹೌದು. ಮೊದಲ ಸಲ 'ಅನುಭವ ಸಾಲದು' ಎಂದು ತಳ್ಳಿದ್ದರು. ಎರಡನೆಯ ಸಲ ಸ್ಥಳ ಪರಿಶೀಲನೆಯ ದಿನವೇ ಆಕೆಗೆ ಹೆರಿಗೆಯಾಯಿತು, ಕಡತದಲ್ಲಿ 'ಅಭ್ಯರ್ಥಿ ಸ್ಥಳದಲ್ಲಿ ಹಾಜರಿರಲಿಲ್ಲ' ಎಂದು ಬಿತ್ತು. ಬರುವ ತಿಂಗಳಿಗೆ ಆರು ವರ್ಷ ತುಂಬುತ್ತಿತ್ತು. ಈ ಸಲವೂ ತಪ್ಪಿದರೆ ಸ್ವಂತ ಪ್ರಯೋಗಾಲಯದ ಮಾತೇ ಇಲ್ಲ, ಹಿರಿಯರೊಬ್ಬರ ಕೋಣೆಯಲ್ಲಿ ಮೂಲೆ ಬೇಡಿಕೊಂಡು ಅವರ ಹೆಸರಿನ ಕೆಳಗೆ ತನ್ನ ಹೆಸರು ಸೇರಿಸಿಕೊಂಡು ಕಾಲ ಹಾಕಬೇಕು. ಅಲ್ಲಿಯ ತನಕ ಆಕೆ ಬಿಸ್ಕತ್ತಿನ ಡಬ್ಬಿಗಳಲ್ಲಿ ಒದ್ದೆ ಬಟ್ಟೆ ಹಾಸಿ, ಹಳೆಯ ಪುಸ್ತಕದ ಚೂರುಗಳನ್ನಿಟ್ಟು, ಮನೆಯ ಅಡಿಗೆಕೋಣೆಯ ಕೆಳಗಿನ ಗೂಡಿನಲ್ಲಿ ಬೂಷ್ಟು ಬೆಳೆಸುತ್ತಿದ್ದರು. "ನಾವೆಲ್ಲ ಬೂಷ್ಟು ಬರಬಾರದು ಅಂತ ಒರೆಸಿ ಸಾಯ್ತೀವಿ, ಇವಳು ಯಾಕಿನ್ನೂ ಬರ್ಲಿಲ್ಲ ಅಂತ ಮುಚ್ಚಳ ತೆಗೆದು ತೆಗೆದು ನೋಡ್ತಾಳೆ," ಎಂದು ಅತ್ತೆಯವರು ನೆರೆಹೊರೆಗೆಲ್ಲ ಹೇಳಿಕೊಂಡು ಬಂದಿದ್ದರಂತೆ. ಅರ್ಜಿಯಲ್ಲಿ ಆಕೆ ಕೇಳಿದ್ದು ತೇವವನ್ನೂ ಶಾಖವನ್ನೂ ಬೇಕಾದಷ್ಟಕ್ಕೆ ಹಿಡಿದಿಡುವ ಒಂದು ಕಪಾಟು.

ನಾವು ಹೋದಾಗ ಎರಡನೆಯ ಮಹಡಿಯ ಕಾರಿಡಾರಿನ ಕೊನೆಯಲ್ಲಿ, ಹಿಂದೆ ಉಗ್ರಾಣವಾಗಿದ್ದ ಕೋಣೆಯ ಮುಂದೆ, ಬೂಷ್ಟು ಮೇಡಂ ನಿಂತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಬಡಗಿಯೊಬ್ಬ ತನ್ನ ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮೇಷ್ಟ್ರು ನಮಸ್ಕಾರಕ್ಕೆ ಪ್ರತಿನಮಸ್ಕಾರವನ್ನೂ ಮಾಡದೆ ಟೇಪು ತೆಗೆದು ಬಾಗಿಲಿಗೆ ಹಿಡಿದರು. ಮೇಲೆ ಹಿಡಿದರು, ನಡುವೆ ಹಿಡಿದರು, ಮೊಣಕಾಲೂರಿ ಕೆಳಗೂ ಹಿಡಿದರು. ಎಲ್ಲ ಕಡೆಯೂ ಮೂವತ್ತಮೂರು. ಅರ್ಜಿ ತೆಗೆದು ನೋಡಿದರು, ಕಪಾಟು ಮೂವತ್ತೈದು.

"ಎರಡು ಇಂಚು," ಎಂದರು. ಆ ಎರಡು ಶಬ್ದ ಹೇಳುವಾಗ ಅವರ ದನಿ ಇಳಿದುಹೋಗಿತ್ತು. ಲೋಕದಲ್ಲಿ ಇಷ್ಟೊಂದು ಅಂಕಿಗಳಿರುವಾಗ ದೇವರಿಗೆ ಇದೇ ಎರಡು ಸಿಗಬೇಕಿತ್ತೆ!

"ಗೊತ್ತು ಸರ್," ಎಂದರು ಬೂಷ್ಟು ಮೇಡಂ. "ಕಪಾಟು ಆರಿಸೋ ಭರದಲ್ಲಿ ಬಾಗಿಲು ಅಳೆಯೋದು ಮರೆತೆ. ಇದಕ್ಕಿಂತ ಚಿಕ್ಕದು ಮಾಡೋದಿಲ್ಲವಂತೆ. ಅದಕ್ಕೆ ಚೌಕಟ್ಟು ತೆಗೆಸ್ತೀನಿ. ಕಟ್ಟಡ ವಿಭಾಗದಲ್ಲಿ ಕೇಳಿದೆ, ಒಪ್ಪಿಗೆ ಕೊಟ್ರು. ಇವರೇ ಬಡಗಿ. ಬೆಳಿಗ್ಗೆ ಕಿತ್ತರೆ ಸಂಜೆಗೆ ಮತ್ತೆ ಕೂರಿಸ್ತಾರೆ."

ಮೇಷ್ಟ್ರು ಟೇಪನ್ನು ಜೇಬಿಗೆ ಹಾಕಲಿಲ್ಲ. "ಕೇಳಿದ್ರಾ?" ಎಂದರು.

"ಕೇಳಿದೆ ಸರ್."

"ನೀವೇ ಹೋಗಿ?"

"ಇನ್ಯಾರು ಹೋಗ್ತಾರೆ ಸರ್?"

"ಏನಂತ ಕೇಳಿದ್ರಿ?"

ಈ ಪ್ರಶ್ನೆಯಲ್ಲಿ ಪರಿಶೀಲಕರ ಗತ್ತು ಇರಲಿಲ್ಲ, ಪರೀಕ್ಷೆ ಮುಗಿಸಿ ಹೊರಬಂದ ಹುಡುಗ ಪಕ್ಕದವನನ್ನು ಉತ್ತರ ಕೇಳುವಂತೆ ಕೇಳಿದರು. ಆಕೆಗೆ ಸ್ವಲ್ಪ ಗಾಬರಿಯಾಯಿತೆಂದು ಕಾಣುತ್ತದೆ.

"ಅಳತೆ ತಪ್ಪಾಗಿದೆ, ನನ್ನದೇ ತಪ್ಪು, ಎರಡು ಇಂಚು ಸಾಲ್ತಿಲ್ಲ ಅಂದೆ. ಅವರು ಟೀ ಕುಡೀತಿದ್ರು, ನಕ್ಕುಬಿಟ್ರು. ಕೂತ್ಕೋಮ್ಮಾ ಅಂತ ನಂಗೂ ಒಂದು ಲೋಟ ತರಿಸಿದ್ರು. ಕುಡಿದು ಮುಗಿಸೋ ಹೊತ್ತಿಗೆ ಸಹಿ ಹಾಕಿದ್ರು."

"ಟೀನೂ ಕೊಟ್ರಾ?" ಎಂದರು ಮೇಷ್ಟ್ರು.

ನನಗೆ ನಗು ಬಂತು, ಬಡಗಿಗೂ ಬಂತು. ಆದರೆ ಮೇಷ್ಟ್ರು ಬಡಗಿಯ ಸ್ಟೂಲನ್ನು ನೋಡಿದ ರೀತಿಗೆ ಅವನು ತಟ್ಟನೆ ಎದ್ದು ನಿಂತ, ಅವರು ಅದರ ಮೇಲೆ ಕುಳಿತುಬಿಟ್ಟರು. ಎಳೆದು ಬಿಟ್ಟಿದ್ದ ಟೇಪು ಕಾಲ ಬಳಿ ಸುರುಳಿ ಬಿಚ್ಚಿ ಬಿದ್ದಿತ್ತು. ಅವರು ತಲೆ ಎತ್ತಿ, "ಮೆಟ್ಟಿಲು ಅಳೆದ್ರಾ?" ಎಂದು ಕೇಳಿದರು.

ಬೂಷ್ಟು ಮೇಡಂ ಮುಖ ಸಪ್ಪಗಾಯಿತು. ಮೆಟ್ಟಿಲು ಅಳೆದಿರಲಿಲ್ಲ. ಮೇಷ್ಟ್ರು ಎದ್ದು, ಮಹಡಿಯ ಮೆಟ್ಟಿಲು ತಿರುಗುವ ಕಟ್ಟೆಯ ಮೇಲೆ ನಾಲ್ಕು ಕಡೆ ಟೇಪು ಹಿಡಿದು, ಬಡಗಿಯ ಹತ್ತಿರ ಸೀಮೆಸುಣ್ಣ ಇಸಕೊಂಡು, ಅರವತ್ತೊಂದರ ಆ ವಯಸ್ಸಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ಬರೆದರು. "ಮಲಗಿಸಿ ತಂದ್ರೆ ಇಲ್ಲಿ ಸಿಕ್ಕಾಕೊಳ್ಳುತ್ತೆ. ನಿಲ್ಲಿಸಿ ತನ್ನಿ. ಈ ಗೆರೆ ಹತ್ರ ಕಾಲು ಸುತ್ತು ತಿರುಗಿಸಿ. ಒಂದು ಇಂಚು ಮಿಗುತ್ತೆ, ಕೈ ಬೆರಳು ಜೋಪಾನ." ಕೋಟಿಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ಅವರು ಇಷ್ಟು ಖುಷಿಯಾಗಿ ಕೆಲಸ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದೆ.

ಹಿಂದಿರುಗುವಾಗ ಕ್ಯಾಂಟೀನಿನಲ್ಲಿ ಟೀ ತರಿಸಿದೆ. ಅವರು ಲೋಟವನ್ನು ತಿರುಗಿಸುತ್ತ ಕುಳಿತರು.

"ಅರ್ಜಿ ಬರೆದಿದ್ದೆ, ಭಾಷೆಯವರೇ. ಬಾಗಿಲು ತೆಗೆಸಿಕೊಡಿ ಅಂತ. ಮೂರು ಸಲ ಬರೆದೆ, ಮೂರು ಸಲ ಹರಿದುಹಾಕಿದೆ. ಅಳತೆ ತಪ್ಪಿದೆ ಅಂತ ಬರೀಬೇಕಿತ್ತಲ್ಲ? ಅದೇ ವಾರ ಫೋಟೋ ಬಂದಿತ್ತು. ಇಡೀ ಕಟ್ಟಡದಲ್ಲಿ ಬುದ್ಧಿವಂತ ಅಂತ ಹೆಸರಾಗಿದ್ದೋನು, ಬಾಗಿಲು ಅಳೆದಿರ್ಲಿಲ್ಲ ಅಂತ ಹೇಗೆ ಹೇಳ್ಲಿ?"

"ಕಟ್ಟಡ ವಿಭಾಗ ದೂರ ಇತ್ತಾ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ನಮ್ಮ ಕೆಳಗಿನ ಮಹಡೀಲೇ ಇತ್ತು. ಹದಿನಾಲ್ಕು ಮೆಟ್ಟಿಲು. ಎಣಿಸಿದೀನಿ."

ಆಯ್ಕೆ ಸಭೆಯ ದಿನ ಅಧ್ಯಕ್ಷರು ಮೇಷ್ಟ್ರ ಪರಿಶೀಲನಾ ಪತ್ರವನ್ನು ಕನ್ನಡಕ ಏರಿಸಿ ಇಳಿಸಿ ಓದಿದರು. "ಬಾಗಿಲು ಮೂವತ್ತಮೂರು, ಕಪಾಟು ಮೂವತ್ತೈದು, ಒಳಗೆ ಹೋಗುತ್ತದೆ ಅಂತ ಬರೆದಿದೀರಿ. ಇದ್ಯಾವ ಲೆಕ್ಕ ಮೇಷ್ಟ್ರೇ?"

"ಆಕೆ ಕೇಳಿದಾರೆ," ಎಂದರು ಮೇಷ್ಟ್ರು.

"ಯಾರನ್ನ?"

"ಕಟ್ಟಡ ವಿಭಾಗದವರನ್ನ. ಬಾಗಿಲು ತೆಗೀತಾರೆ."

ಅಧ್ಯಕ್ಷರು ಕೆಟ್ಟವರಲ್ಲ, ಕಡತ ಮರೆಯದವರು, ಅಷ್ಟೆ. ಹಿಂದಿನ ವರ್ಷದ ಕಟ್ಟನ್ನು ತರಿಸಿ ಅದರ ಮೇಲೆ ಕೈ ಇಟ್ಟರು. "ಹೋದ ವರ್ಷ ಅರ್ಧ ಇಂಚಿಗೆ ಒಬ್ಬ ಹುಡುಗನ್ನ ವಾಪಸ್ ಕಳಿಸಿದೀರಿ. ಇವತ್ತು ಇರೋ ಬಾಗಿಲು ಅಳೀತೀನಿ ಅಂದೋರು ನೀವೇ. ಆ ನಿಯಮ ಸರಿ ಅಂದ್ರೆ ಈಯಮ್ಮನಿಗೆ ಸಿಗಲ್ಲ. ತಪ್ಪು ಅಂದ್ರೆ, ಯಾರ ತಪ್ಪು ಅಂತ ನಡಾವಳಿಯಲ್ಲಿ ಬರೀಬೇಕಾಗುತ್ತೆ. ನಾಳೆ ಆ ಹುಡುಗ ಬಂದು ಕೇಳಿದ್ರೆ ನಾನೇನು ಹೇಳ್ಲಿ?"

ಬೂಷ್ಟು ಮೇಡಂಗೆ ಉಳಿದಿದ್ದುದು ಹದಿಮೂರು ದಿನ, ಇನ್ನೊಂದು ಸಭೆಗೆ ಅವಕಾಶವಿರಲಿಲ್ಲ. ನಾನು ಬಾಯಿ ಹಾಕಬೇಕೆಂದುಕೊಂಡೆ. ಆದರೆ ವಿಜ್ಞಾನ ತಿಳಿಯದ ಸದಸ್ಯನ ಮಾತಿಗೆ ಅಲ್ಲಿ ಎಷ್ಟು ತೂಕವಿತ್ತೆಂದು ನನಗೆ ಗೊತ್ತಿತ್ತು. ಮೇಷ್ಟ್ರು ಮೇಜನ್ನು ನೋಡುತ್ತಿದ್ದರು. ಅವರ ಬಲಗೈ ಜೇಬಿನೊಳಗಿತ್ತು, ಟೇಪನ್ನು ಹಿಡಿದಿತ್ತೆಂದು ಕಾಣುತ್ತದೆ. ಆಮೇಲೆ ಅವರು ಎದ್ದು ನಿಂತರು, ಕೋಟಿನ ಗುಂಡಿ ಹಾಕಿಕೊಂಡರು.

"ನನ್ನ ತಪ್ಪು. ಬರ್ಕೊಳ್ಳಿ."

ನಡಾವಳಿ ಬರೆಯುವ ಗುಮಾಸ್ತರು ಇಂಥ ವಾಕ್ಯವನ್ನು ತಮ್ಮ ಸೇವೆಯಲ್ಲಿ ಬರೆದವರಲ್ಲ. ಪೆನ್ನು ಹಿಡಿದುಕೊಂಡು ಅಧ್ಯಕ್ಷರ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. "ಎಷ್ಟು ವರ್ಷದಿಂದ ತಪ್ಪು ಅಂತ ಬರೀಲಿ ಸರ್?"

"ಮೂವತ್ತೊಂದು ವರ್ಷದಿಂದ."

"ತಾವು ಸಮಿತಿಗೆ ಬಂದು ಒಂಬತ್ತೇ ವರ್ಷ ಆಗಿರೋದು ಸರ್."

"ಮೂವತ್ತೊಂದು ಅಂತಲೇ ಬರ್ಕೊಳ್ಳಿ," ಎಂದು ಹೇಳಿ ಮೇಷ್ಟ್ರು ಕುಳಿತುಕೊಂಡರು.

ಗುಮಾಸ್ತರು ಹಾಗೆಯೇ ಬರೆದರು. ಆ ನಡಾವಳಿ ಇವತ್ತಿಗೂ ಕಡತದಲ್ಲಿದೆ, ಲೆಕ್ಕ ತಪ್ಪಾಗಿದೆಯೆಂದು ಅದರ ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದಾರೆ. ಬೂಷ್ಟು ಮೇಡಂಗೆ ಪುರಸ್ಕಾರ ಸಿಕ್ಕಿತು. ಅರ್ಧ ಇಂಚಿನ ಯುವಕನಿಗೆ ಇನ್ನೂ ಎರಡು ವರ್ಷ ಅವಕಾಶವಿತ್ತು. ಮೇಷ್ಟ್ರು ತಾವೇ ಅವನ ಕೋಣೆ ಹುಡುಕಿಕೊಂಡು ಹೋಗಿ, ಬಾಗಿಲ ಹೊರಗೇ ನಿಂತು, ಮತ್ತೆ ಅರ್ಜಿ ಹಾಕಲು ಹೇಳಿ ಬಂದರು. ಅದಕ್ಕೂ ಹಿಂದೆ ಅವರು 'ಇಲ್ಲ' ಎಂದು ಬರೆದವರಲ್ಲಿ ಇಬ್ಬರು ಆಗಲೇ ಏಳನೆಯ ವರ್ಷ ದಾಟಿ ಹಿರಿಯರಾಗಿಬಿಟ್ಟಿದ್ದರು. ಅವರಿಗಾಗಿ ಮಾಡಲು ಏನೂ ಉಳಿದಿರಲಿಲ್ಲ, ಮತ್ತು ಆ ಇಬ್ಬರ ಮಾತು ಬಂದಾಗ ಮೇಷ್ಟ್ರು ಯಾವ ಸಮಾಧಾನಕ್ಕೂ ಒಪ್ಪುತ್ತಿರಲಿಲ್ಲ.

ಕಪಾಟು ಬಂದ ದಿನ ನಾವಿಬ್ಬರೂ ಹೋಗಿದ್ದೆವು. ಮೆಟ್ಟಿಲ ತಿರುವಿನಲ್ಲಿ ಸುಣ್ಣದ ಗೆರೆಯ ಬಳಿ ಕಾಲು ಸುತ್ತು ತಿರುಗಿಸಿದರು, ಒಂದು ಇಂಚು ಮಿಕ್ಕಿತು. ಚೌಕಟ್ಟು ಕಿತ್ತ ಬಾಗಿಲು ಇಟ್ಟಿಗೆಯ ಹಲ್ಲು ಬಿಟ್ಟುಕೊಂಡು ನಿಂತಿತ್ತು, ಕಪಾಟು ಸಲೀಸಾಗಿ ಒಳಗೆ ಹೋಯಿತು. ಅತ್ತೆಯವರೂ ಬಂದಿದ್ದರು, ಬಿಸ್ಕತ್ತಿನ ಡಬ್ಬಿಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು, ಇನ್ನೆಂದೂ ಇವುಗಳ ಮುಖ ನೋಡಲಾರೆನೆಂಬ ನಿಶ್ಚಯದಲ್ಲಿ. ಎಲ್ಲರೂ ಒಳಗೆ ಹೋದ ಮೇಲೆ ಮೇಷ್ಟ್ರು, ನಾಲ್ಕು ಜನ ಸಾಲಾಗಿ ನಡೆದುಹೋಗಬಹುದಾಗಿದ್ದ ಆ ಜಾಗದಲ್ಲಿ, ಎಡ ಭುಜ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ದಾಟಿದರು. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು. "ಇದು ಇನ್ನು ಹೋಗಲ್ಲ ಬಿಡಿ, ಭಾಷೆಯವರೇ," ಎಂದು ನಕ್ಕರು.

ಇಂಥವರು ಎಲ್ಲ ಕಚೇರಿಗಳಲ್ಲೂ, ಎಲ್ಲ ಸಮಿತಿಗಳಲ್ಲೂ ಇರುತ್ತಾರೆ. ಅವರು ಯಾವುದೋ ಒಂದೇ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳುತ್ತಿರುತ್ತಾರೆ, ನಾವು ಅವರ ಬೆನ್ನ ಹಿಂದೆ ಹೆಸರಿಟ್ಟು ನಗುತ್ತೇವೆ, ನಮ್ಮ ಕೆಲಸ ಕೆಟ್ಟಾಗ ಶಾಪ ಹಾಕುತ್ತೇವೆ. ಅವರದು ಕಲ್ಲೆದೆ ಎಂದು ನಾನೂ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಎಳೆಯ ವಯಸ್ಸಿನಲ್ಲಿ ಒಂದು ಕಡೆ ಹೋಗಿ ಕೇಳಬೇಕಾದದ್ದನ್ನು ಕೇಳಲಾರದೆ ಹಿಂದಿರುಗಿದವರು, ಉಳಿದ ಆಯುಷ್ಯವನ್ನೆಲ್ಲ ಬೇರೆಯವರನ್ನು ಕೇಳುತ್ತ ಕಳೆಯುತ್ತಾರೆ. ಮೊದಲ ಗೆಲುವಿನ ಫೋಟೋ ಇನ್ನೂ ಗೋಡೆಯ ಮೇಲಿರುವಾಗ ತಪ್ಪಾಯಿತು ಎನ್ನುವುದು ಯಾರಿಗೂ ಸುಲಭವಲ್ಲ. ಹೋಗಿ ಕೇಳಿದ್ದರೆ ಬಹುಶಃ ಮೇಷ್ಟ್ರ ಕಾಲದ ಕಟ್ಟಡ ವಿಭಾಗದವರೂ ನಗುತ್ತಿದ್ದರು, ಕೂತ್ಕೋಪ್ಪಾ ಎಂದು ಒಂದು ಲೋಟ ಟೀ ತರಿಸುತ್ತಿದ್ದರು, ಕುಡಿದು ಮುಗಿಸುವಷ್ಟರಲ್ಲಿ ಸಹಿ ಹಾಕುತ್ತಿದ್ದರು. ಹೋಗಬೇಕಾಗಿದ್ದುದು ಹದಿನಾಲ್ಕು ಮೆಟ್ಟಿಲು ಕೆಳಗೆ.